ನೀರಿಳಿದ ಮೇಲಿನ ಕಥೆ

ಜಲಪ್ರಳಯವೆಂದೊಡನೆ ನೆನಪಾಗುವುದು ನೋಹನ ನಾವೆ, ಅದರೊಳಗೆ ಜೋಡಿಜೋಡಿಯಾಗಿ ಹತ್ತಿದ ಪ್ರಾಣಿಗಳು, ಎಲೆ ಕಚ್ಚಿಕೊಂಡು ಮರಳಿದ ಪಾರಿವಾಳ. ನೀರಿಳಿದ ಮೇಲೆ ಏನಾಯಿತೆಂದು ಕೇಳುವವರು ಕಡಿಮೆ. ಆದರೆ ಬೈಬಲಿನ ಆದಿಕಾಂಡದಲ್ಲಿ ಕ್ರೈಸ್ತ ಬೋಧಕರನ್ನು ಹೆಚ್ಚು ಕಾಡಿರುವುದು ಪ್ರಳಯವಲ್ಲ, ಅದರ ನಂತರದ ಬದುಕು.

ನಾವೆಯಿಂದಿಳಿದ ನೋಹ ಮೊದಲು ಬಲಿಪೀಠ ಕಟ್ಟುತ್ತಾನೆ. ಭೂಮಿ ಇರುವಷ್ಟು ಕಾಲ ಬಿತ್ತನೆ-ಕೊಯ್ಲು, ಚಳಿ-ಸೆಕೆ, ಹಗಲು-ರಾತ್ರಿಗಳು ತಪ್ಪುವುದಿಲ್ಲವೆಂದು ದೇವರು ನಿಶ್ಚಯಿಸುತ್ತಾನೆ. ಅಲ್ಲಿಯವರೆಗೆ ಸೊಪ್ಪು, ಕಾಳು, ಹಣ್ಣುಗಳಷ್ಟೇ ಆಹಾರವಾಗಿದ್ದ ಮನುಷ್ಯನಿಗೆ ಮಾಂಸ ತಿನ್ನುವ ಅನುಮತಿ ಸಿಗುತ್ತದೆ. ರಕ್ತ ಮಾತ್ರ ಕೂಡದು. ನರಹತ್ಯೆಗೆ ಲೆಕ್ಕ ಒಪ್ಪಿಸಬೇಕು. ಬಳಿಕ ಮುಗಿಲಲ್ಲಿ ಬಿಲ್ಲು ಮೂಡುತ್ತದೆ. ಇನ್ನೆಂದೂ ನೀರಿನಿಂದ ಸರ್ವನಾಶವಿಲ್ಲವೆಂಬ ಆ ಒಡಂಬಡಿಕೆ ನೋಹನೊಬ್ಬನ ಜೊತೆಗಲ್ಲ, ದನಕರು, ಹಕ್ಕಿಪಕ್ಷಿ, ಕಾಡುಮೃಗ ಎಲ್ಲದರ ಜೊತೆಗೂ. ಕಥೆ ಇಲ್ಲಿಗೇ ನಿಂತಿದ್ದರೆ ಚೆನ್ನಿತ್ತು. ನಿಲ್ಲುವುದಿಲ್ಲ. ನೋಹ ದ್ರಾಕ್ಷಿತೋಟ ಹಾಕುತ್ತಾನೆ, ಕುಡಿದು ಮೈಮೇಲೆ ಅರಿವೆಯಿಲ್ಲದೆ ಮಲಗುತ್ತಾನೆ. ಮಗ ಹಾಮ್ ಅದನ್ನು ಕಂಡು ಹೊರಗೆ ಹೇಳುತ್ತಾನೆ. ಎಚ್ಚೆತ್ತ ತಂದೆ ಶಪಿಸುವುದು ಹಾಮನನ್ನಲ್ಲ, ಅವನ ಮಗ ಕಾನಾನನನ್ನು: ದಾಸಾನುದಾಸನಾಗು ಎಂದು.

ಕನಕಪುರ ತಾಲ್ಲೂಕಿನ ಹಾರೋಬೆಲೆ ಕಥೋಲಿಕ ಕ್ರೈಸ್ತರ ಹಳೆಯ ಊರು. ಅರ್ಕಾವತಿಯ ದಡದ ಈ ಊರಿನಲ್ಲಿ ಯೇಸುವಿನ ಯಾತನೆಯ ಕಥೆಯನ್ನು 'ಮಹಿಮೆ' ಎಂಬ ನಾಟಕವಾಗಿ ಆಡುವ ಸಂಪ್ರದಾಯಕ್ಕೆ ಶತಮಾನ ಮೀರಿದ ವಯಸ್ಸು. ಅಲ್ಲಿನ ದೇವಾಲಯದಲ್ಲಿ, ಜಗತ್ತಿನ ಇತರ ಕಥೋಲಿಕ ದೇವಾಲಯಗಳಲ್ಲಿರುವಂತೆಯೇ, ಮೂರು ವರ್ಷಕ್ಕೊಮ್ಮೆ ತಪಸ್ಸುಕಾಲದ ಮೊದಲ ಭಾನುವಾರದ ಮೊದಲ ಪಾಠ ನೋಹನ ಒಡಂಬಡಿಕೆ. ಎರಡನೆಯ ವ್ಯಾಟಿಕನ್ ಮಹಾಸಭೆಯ (1962-65) ನಂತರ ಪೂಜೆ ಲ್ಯಾಟಿನ್ ಬಿಟ್ಟು ಕನ್ನಡಕ್ಕೆ ಬಂದಾಗ ಜನರ ಕಿವಿಗೆ ಬಿದ್ದ ಪಾಠಗಳಲ್ಲಿ ಇದೂ ಒಂದು. ಪಾಠ ಒಂಬತ್ತನೆಯ ಅಧ್ಯಾಯದ 8ನೇ ವಾಕ್ಯದಿಂದ ಆರಂಭವಾಗಿ 15ಕ್ಕೆ ಮುಗಿಯುತ್ತದೆ. ದ್ರಾಕ್ಷಾರಸ ಬರುವುದು 21ರಲ್ಲಿ, ಶಾಪ 25ರಲ್ಲಿ. ವಾರದ ದಿನಗಳ ಪಾಠಗಳಲ್ಲೂ ಈ ಭಾಗವನ್ನು ದಾಟಿ ಬಾಬೆಲ್ ಗೋಪುರಕ್ಕೆ ಹೋಗುತ್ತಾರೆ. ಪೂಜೆಗಷ್ಟೇ ಬರುವ ಭಕ್ತನಿಗೆ ನೋಹ ಕುಡಿದದ್ದು ಗೊತ್ತಾಗದೆಯೂ ಇರಬಹುದು.

ಇಂಥ ಎಚ್ಚರ ಮೈಸೂರು ಸೀಮೆಗೆ ಹೊಸದೇನಲ್ಲ. 1648ರ ಸುಮಾರಿಗೆ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ ಪಾದ್ರಿ ಲಿಯೊನಾರ್ದೊ ಚಿನ್ನಮಿ ಕನ್ನಡ ಕಲಿತು ಬರೆದವರು. ಮೈಸೂರು ಮಿಷನ್ನಿನ ಪಾದ್ರಿಗಳು ಸನ್ಯಾಸಿಗಳ ವೇಷ ತೊಟ್ಟು ಮಾಂಸ ಮದ್ಯಗಳಿಂದ ದೂರವಿದ್ದು ಬೋಧಿಸಿದರು. ಮಾಂಸಕ್ಕೆ ಅನುಮತಿ ಕೊಡುವ ಅಧ್ಯಾಯವನ್ನು ಅಂಥ ಗುರು ಸಸ್ಯಾಹಾರಿಗಳ ಮುಂದೆ ವಿವರಿಸುವುದು ಸುಲಭವಾಗಿರಲಾರದು. 1799ರಲ್ಲಿ ಟಿಪ್ಪುವಿನ ಪತನದ ಬಳಿಕ ಚದುರಿದ್ದ ಕ್ರೈಸ್ತರನ್ನು ಒಗ್ಗೂಡಿಸಲು ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್‌ಗೂ ಈ ಪೇಚು ಬಂದಿತ್ತು. ತಪ್ಪಿಹೋದ ಮಗನ ಸಾಮತಿಯಲ್ಲಿ ಕೊಬ್ಬಿದ ಕರುವನ್ನು ಕೊಯ್ದ ಪ್ರಸಂಗ ಹೇಳಿದಾಗ ಸಭೆ ಇರಿಸುಮುರಿಸುಗೊಂಡಿತು. ಇನ್ನು ಮುಂದೆ ಕರುವಿನ ಬದಲು ಕುರಿಮರಿ ಎನ್ನಿ ಎಂದು ಅವರಿಗೆ ಸಲಹೆ ಬಂತು. ಬೈಬಲನ್ನು ಇದ್ದಕ್ಕಿದ್ದಂತೆ ಅನುವಾದಿಸಿ ಹಂಚುವುದೇ ತಪ್ಪೆಂದು 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅವರು ವಾದಿಸಿದರು. ಅಷ್ಟರಲ್ಲಿ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲಿನ ಕೆಲಸದಲ್ಲಿ ಮುಳುಗಿದ್ದರು. 1830ರ ದಶಕದ ಆರಂಭಕ್ಕೆ ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಯಿತು. ನೋಹನ ಕುಡಿತವೂ ಶಾಪವೂ ಬಚ್ಚಿಡಲಾಗದಂತೆ ಬಯಲಿಗೆ ಬಂದವು.

ಕುಡಿತಕ್ಕಿಂತ ಶಾಪವೇ ಹೆಚ್ಚು ಕೇಡು ಮಾಡಿತು. ನೋಹನ ಮೂವರು ಮಕ್ಕಳಾದ ಶೇಮ್, ಹಾಮ್, ಯೆಫೆತರಿಂದಲೇ ಮನುಕುಲ ಹರಡಿತೆಂದ ಮೇಲೆ ಯಾರು ಯಾರ ಸಂತತಿ ಎಂಬ ಪ್ರಶ್ನೆ ಏಳುತ್ತದೆ. ಆಫ್ರಿಕದವರು ಹಾಮನ ವಂಶ, ಆದ್ದರಿಂದ ಗುಲಾಮಗಿರಿ ದೇವರ ಇಚ್ಛೆ ಎಂದು ಅಮೆರಿಕದ ತೋಟದ ಧಣಿಗಳು ವಾದಿಸಿದರು. ಮೂಲದಲ್ಲಿ ಮೈಬಣ್ಣದ ಸುಳಿವೂ ಇಲ್ಲ, ಶಾಪ ತಗುಲಿದ್ದು ಕಾನಾನನೊಬ್ಬನಿಗೆ. ಭಾರತೀಯರನ್ನೂ ಈ ವಂಶವೃಕ್ಷದಲ್ಲಿ ಕೂಡಿಸುವ ಉತ್ಸಾಹ ಕಡಿಮೆ ಇರಲಿಲ್ಲ. ಕಲ್ಕತ್ತೆಯ ಸರ್ ವಿಲಿಯಂ ಜೋನ್ಸ್ ನಮ್ಮವರನ್ನು ಹಾಮನ ಕಡೆಗೆ ಸೇರಿಸಿದರೆ, ದುಬಾಯ್ ಯೆಫೆತನ ಕಡೆಗೆ ಎಳೆದರು. ಇನ್ನೂ ವಿನೋದದ ಸಂಗತಿ ಕಾಶಿಯಲ್ಲಿ ನಡೆಯಿತು. ಫ್ರಾನ್ಸಿಸ್ ವಿಲ್ಫರ್ಡ್ ಎಂಬ ಸೈನ್ಯಾಧಿಕಾರಿಗೆ ಪದ್ಮಪುರಾಣದಲ್ಲೇ ನೋಹನ ಕಥೆ ಸಿಕ್ಕಿತು: ಸತ್ಯವರ್ಮನೆಂಬ ರಾಜ, ಶರ್ಮ, ಚರ್ಮ, ಜ್ಯಾಪೇತಿ ಎಂಬ ಮಕ್ಕಳು, ಕುಡಿತ, ನಗೆ, ಶಾಪ, ಎಲ್ಲ ಸಮೇತ. ಜೋನ್ಸ್ ಅದನ್ನು ಸಂಭ್ರಮದಿಂದ ಪ್ರಕಟಿಸಿದರು. ದೊರೆಗೆ ಬೇಕಾದುದನ್ನು ಪಂಡಿತನೇ ಹೊಸೆದು ಸೇರಿಸಿದ್ದನೆಂದು ವಿಲ್ಫರ್ಡ್ 1805ರಲ್ಲಿ ಒಪ್ಪಿಕೊಳ್ಳಬೇಕಾಯಿತು. ಆ ವೇಳೆಗೆ ಜೋನ್ಸ್ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.

ವಂಶಾವಳಿಯ ಈ ಗದ್ದಲದ ಪಕ್ಕದಲ್ಲಿ ಬಿಲ್ಲಿನ ಮಾತು ಸರಳವಾಗಿ ಕಾಣುತ್ತದೆ. ಹೀಬ್ರೂ ಮೂಲದಲ್ಲಿ ಮುಗಿಲಿನ ಬಿಲ್ಲಿಗೂ ಯುದ್ಧದ ಬಿಲ್ಲಿಗೂ ಒಂದೇ ಪದ. ದೇವರು ಆಯುಧವನ್ನು ಕೆಳಗಿಟ್ಟು ಮೋಡಕ್ಕೆ ತೂಗುಹಾಕಿದನೆಂದು ವ್ಯಾಖ್ಯಾನಕಾರರು ಅರ್ಥ ಮಾಡುತ್ತಾರೆ. ಕನ್ನಡದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದು ಅವನ ಬಾಯಲ್ಲಿ ಮೊದಲೇ ಕಾಮನಬಿಲ್ಲು, ಸಂಸ್ಕೃತ ಬಲ್ಲವರಿಗೆ ಇಂದ್ರಚಾಪ. ಬಿಲ್ಲಿನ ಒಡೆಯ ಮಾತ್ರ ಬೇರೆ.

ಬಿತ್ತನೆ-ಕೊಯ್ಲಿನ ಭರವಸೆಯೂ ಮಳೆ ನಂಬಿ ರಾಗಿ ಬಿತ್ತುವ ಕನಕಪುರ, ಮಾಗಡಿ ಸೀಮೆಗೆ ಅರ್ಥವಾಗುವ ಭಾಷೆಯೇ. ಆದರೆ ಈ ಸೀಮೆಯಲ್ಲಿ ಮಳೆ ಮಾತು ಕೇಳುವುದು ಅಪರೂಪ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರ, ಚನ್ನಪಟ್ಟಣದ ಸುತ್ತ ಕೆರೆಗಳು ಕೋಡಿಬಿದ್ದು ಮನೆಗಳಿಗೆ ನೀರು ನುಗ್ಗಿತು, ಬೆಂಗಳೂರು-ಮೈಸೂರು ಹೆದ್ದಾರಿಯೇ ಮುಳುಗಿತು. ಮರುವರ್ಷ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಆ ಬರದ ನಡುವೆಯೇ, 2024ರ ಫೆಬ್ರುವರಿ 18ರ ಭಾನುವಾರ, ನೋಹನ ಪಾಠದ ಸರದಿ ಬಂದಿತ್ತು. ನೀರಿನಿಂದ ಇನ್ನು ನಾಶವಿಲ್ಲವೆಂಬ ಮಾತನ್ನು ಅಂದು ಓದಲಾಯಿತು. ಬಿತ್ತನೆ-ಕೊಯ್ಲು ತಪ್ಪುವುದಿಲ್ಲವೆಂಬ ಮಾತು ಇರುವುದು ಹಿಂದಿನ ಅಧ್ಯಾಯದ ಕೊನೆಯಲ್ಲಿ. ಆ ದಿನದ ಪಾಠಕ್ಕೆ ಅದು ಸೇರಿಲ್ಲ.