ಹಗೇವಿನ ಜೋಳ, ಅನುದಿನದ ರೊಟ್ಟಿ

ಶುಭಸಂದೇಶದಲ್ಲಿ ‘ರೊಟ್ಟಿ’ ಎಂಬ ಪದ ಬಂದಾಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ವಿಶ್ವಾಸಿಯ ಮನದಲ್ಲಿ ಮೂಡುವುದು ಪ್ಯಾಲೆಸ್ತೀನಿನ ಗೋಧಿರೊಟ್ಟಿಯಲ್ಲ, ಹಂಚಿನ ಮೇಲೆ ಉಬ್ಬಿದ ಜೋಳದ ರೊಟ್ಟಿ. ಈ ಕಲ್ಪನೆಯನ್ನು ತಿದ್ದುವ ಅಗತ್ಯವಿಲ್ಲ. ಯೊವಾನ್ನರ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಹುಡುಗನೊಬ್ಬನ ಬಳಿ ಇದ್ದ ಐದು ರೊಟ್ಟಿಗಳು ಜವೆಗೋಧಿಯವು. ಆ ನಾಡಿನಲ್ಲಿ ಗೋಧಿ ಉಳ್ಳವರ ಧಾನ್ಯ, ಜವೆಗೋಧಿ ಬಡವರದು. ನಮ್ಮ ಹಿರಿಯರ ಮನೆಗಳಲ್ಲಿ ಅಕ್ಕಿ ಹಬ್ಬಕ್ಕೆ, ಜೋಳ ನಿತ್ಯಕ್ಕೆ ಎಂದಿದ್ದಂತೆಯೇ.

2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಈ ತಾಲ್ಲೂಕುಗಳು ಅದಕ್ಕೂ ಮೊದಲು ಬಹುಕಾಲ ಬಳ್ಳಾರಿಯವು (ನಡುವೆ 1997ರಿಂದ 2018ರವರೆಗೆ ಹರಪನಹಳ್ಳಿ ದಾವಣಗೆರೆಯ ಪಾಲಾಗಿತ್ತು). ಮಳೆಯನ್ನೇ ನಂಬಿದ ನೆಲ. ಕೂಡ್ಲಿಗಿಯ ಕಡೆ ಕೆಂಪು ಮಸಾರಿ, ಅಲ್ಲಿ ನವಣೆ, ಸಜ್ಜೆ, ಶೇಂಗಾ. ಹಡಗಲಿ, ಹರಪನಹಳ್ಳಿಯ ಎರೆಹೊಲಗಳಲ್ಲಿ ಬಿಳಿಜೋಳ. ಒಂದು ವರ್ಷ ಬೆಳೆ ಬಂದರೆ ಮರುವರ್ಷ ಬಾರದೆಂಬ ಅರಿವಿನಿಂದಲೇ ಇಲ್ಲಿನ ಜನ ಬದುಕನ್ನು ಕಟ್ಟಿಕೊಂಡಿದ್ದರು. ಆ ಅರಿವಿನ ಕುರುಹು ಹಗೇವು.

ಇಂದಿನ ಮಕ್ಕಳಿಗೆ ಹಗೇವು ಎಂದರೇನೆಂದು ವಿವರಿಸಬೇಕಾಗಿದೆ. ಮನೆಯ ಅಂಗಳದಲ್ಲೋ ಓಣಿಯ ಗಟ್ಟಿ ನೆಲದಲ್ಲೋ ತೋಡಿದ ಧಾನ್ಯದ ಗುಂಡಿ ಅದು. ಬಾಯಿ ಕಿರಿದು, ಒಬ್ಬ ಮನುಷ್ಯ ಇಳಿಯುವಷ್ಟು. ಹೊಟ್ಟೆ ಮಾತ್ರ ವಿಶಾಲ. ತಳಕ್ಕೂ ಸುತ್ತಲಿನ ಗೋಡೆಗೂ ಒಣಸೊಪ್ಪೆ, ಹೊಟ್ಟು ಒತ್ತಿ, ಜೋಳ ಸುರಿದು, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಗಾಳಿಯನ್ನು ಕಾಳೇ ಉಸಿರಾಡಿ ಮುಗಿಸುತ್ತದೆ, ಹುಳು ಬದುಕುವುದಿಲ್ಲ. ಅದೇ ಕಾರಣಕ್ಕೆ ಮನುಷ್ಯನಿಗೂ ಅಪಾಯ. ಹಗೇವು ತೆರೆದ ಕೂಡಲೆ ಇಳಿಯುವಂತಿರಲಿಲ್ಲ. ಸಾಕಷ್ಟು ಹೊತ್ತು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವನ್ನು ಒಳಗೆ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಆತುರಪಟ್ಟು ಉಸಿರುಗಟ್ಟಿ ಸತ್ತವರುಂಟು. ಗೋಡೆಯ ಬದಿಯ ಕಾಳು ಮುಗ್ಗಾಗುತ್ತಿತ್ತು. ನಡುವಿನದು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬೀಜದ ಕಾಳಿನ ವ್ಯವಸ್ಥೆ ಬೇರೆ: ಬೂದಿ ಬೆರೆಸಿ ಮಡಕೆಯಲ್ಲಿಟ್ಟು ಬಾಯಿಕಟ್ಟುತ್ತಿದ್ದರು.

ಹಗೇವಿಗೆ ಹೋಗುವ ಮುನ್ನ ಕಣದಲ್ಲಿಯೇ ರಾಶಿಗೆ ಹಲವು ಕೈಗಳ ಹಕ್ಕಿತ್ತು. ಕೂರಿಗೆ, ಕುಂಟೆ ಮಾಡಿಕೊಟ್ಟ ಬಡಿಗ, ಕುಳ ತಟ್ಟಿಕೊಟ್ಟ ಕಮ್ಮಾರ, ಮಡಕೆಯ ಕುಂಬಾರ, ಕ್ಷೌರಿಕ, ಅಗಸ ಇವರಿಗೆಲ್ಲ ‘ಆಯ’ ಅಳೆದುಕೊಡುತ್ತಿದ್ದರು. ಕೊಯ್ಲಾದ ಹೊಲದಲ್ಲಿ ಬಿದ್ದ ತೆನೆಯನ್ನು ಆರಿಸಿಕೊಳ್ಳುವುದಕ್ಕೆ ಕನ್ನಡದಲ್ಲಿ ‘ಹಕ್ಕಲಾಯುವುದು’ ಎಂಬ ಸೊಗಸಾದ ಮಾತಿದೆ. ರೂತಳ ಕಥೆಯನ್ನು ಓದುವಾಗ ನಮ್ಮ ಜನರಿಗೆ ಟಿಪ್ಪಣಿ ಬೇಕಾಗುವುದಿಲ್ಲ. ಹೊಲದ ಅಂಚಿನವರೆಗೂ ಕೊಯ್ಯಬೇಡ, ಹಕ್ಕಲನ್ನು ಬಡವರಿಗೂ ಪರದೇಶಿಗಳಿಗೂ ಬಿಡು ಎಂಬ ಯಾಜಕಕಾಂಡದ ಕಟ್ಟಳೆ ಮಸಾರಿ ಹೊಲದಲ್ಲಿಯೂ ನಡೆಯುತ್ತಿತ್ತು.

ಆದರೂ ಹಳೆಯದೆಲ್ಲವೂ ಹೊನ್ನಾಗಿತ್ತೆಂದು ಬರೆದರೆ ಸತ್ಯಕ್ಕೆ ಅಪಚಾರವಾದೀತು. ಹಗೇವು ಇದ್ದದ್ದು ಹೊಲವಿದ್ದವರಿಗೆ. ಆಯವನ್ನು ಅಳೆಯುವಾಗ ಜಾತಿಯ ಮೇಲುಕೀಳು ಮೊರದಲ್ಲಿಯೂ ಇರುತ್ತಿತ್ತು. ರಾಶಿಯೇ ಇಲ್ಲದ ವರ್ಷ ಆಯವೂ ಇಲ್ಲ, ಹಕ್ಕಲೂ ಇಲ್ಲ. ಈ ವ್ಯವಸ್ಥೆಯ ಬಿರುಕು ಭೀಕರವಾಗಿ ಬಯಲಾದದ್ದು 1876-78ರ ಮಹಾಕ್ಷಾಮದಲ್ಲಿ. ಧಾತು ಸಂವತ್ಸರದಲ್ಲಿ ಕಾಲಿಟ್ಟದ್ದರಿಂದ ಜನ ಅದನ್ನು ಧಾತು ಬರವೆಂದರು. ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಹಗೇವು ಇದ್ದವರು ಕೆಲಕಾಲ ತಡೆದುಕೊಂಡರು. ಮೊದಲು ಬಿದ್ದವರು ಕೂಲಿಗಳು, ನೇಕಾರರು, ಕುಶಲಕರ್ಮಿಗಳು.

1877ರ ಆರಂಭದಲ್ಲಿ ಬಂದ ಸರ್ಕಾರಿ ಪ್ರತಿನಿಧಿ ಸರ್ ರಿಚರ್ಡ್ ಟೆಂಪಲ್, ಬರಗಾಲದ ಕಾಮಗಾರಿಯಲ್ಲಿ ದುಡಿಯುವವನಿಗೆ ದಿನಕ್ಕೆ ಒಂದು ಪೌಂಡ್, ಎಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆ ಮತ್ತು ಮೇಲೆ ಪುಡಿಗಾಸು ಸಾಕೆಂದು ಕೂಲಿಯನ್ನು ಇಳಿಸಿದ. ಕಲ್ಲು ಒಡೆಯುವ ದೇಹಕ್ಕೆ ಇದು ಸಾಲದೆಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಪ್ರತಿಭಟಿಸಿದರು. ಕೆಲವು ತಿಂಗಳ ಬಳಿಕ ಕೂಲಿ ಏರಿತು. ಆ ತಿಂಗಳುಗಳಲ್ಲಿ ಹೋದ ಜೀವಗಳು ಮರಳಲಿಲ್ಲ.

ಈ ಪ್ರಸಂಗವನ್ನು ಓದಿದಾಗಲೆಲ್ಲ ನನಗೆ ಆದಿಕಾಂಡದ ಜೋಸೆಫನ ನೆನಪಾಗುತ್ತದೆ. ಸುಭಿಕ್ಷದ ಏಳು ವರ್ಷಗಳಲ್ಲಿ ಐದರಲ್ಲೊಂದು ಪಾಲನ್ನು ಕೂಡಿಡಿಸಿ ಈಜಿಪ್ಟನ್ನು ಉಳಿಸಿದವನು ಎಂದು ಧರ್ಮೋಪದೇಶದ ತರಗತಿಯಲ್ಲಿ ಕಲಿಸುತ್ತೇವೆ, ಅಲ್ಲಿಗೇ ನಿಲ್ಲಿಸುತ್ತೇವೆ. 47ನೆಯ ಅಧ್ಯಾಯವನ್ನು ಓದುವವರು ಕಡಿಮೆ. ಬರ ಮುಂದುವರಿದಾಗ ಜನ ಆ ಕಣಜದ ಕಾಳಿಗಾಗಿ ಮೊದಲು ಹಣ, ಬಳಿಕ ದನಕರು, ಕೊನೆಗೆ ಹೊಲವನ್ನೂ ತಮ್ಮನ್ನೂ ಫರೋಹನಿಗೆ ಒಪ್ಪಿಸಿದರು. ಜೀವ ಉಳಿಯಿತು, ಸ್ವಾತಂತ್ರ್ಯ ಹೋಯಿತು. ಕಾಳು ಎಷ್ಟಿದೆ ಎಂಬುದರ ಜೊತೆಗೆ ಅದು ಯಾರ ಕೈಯಲ್ಲಿದೆ ಎಂಬುದೂ ಪ್ರಶ್ನೆಯೇ.

ಎರಡನೆಯ ಮಹಾಯುದ್ಧದ ಕಾಲದಿಂದ ಲೆವಿ ಬಂತು. ಹಸಿವಿಗೆಂದು ತೋಡಿದ ಹಗೇವು ಅಧಿಕಾರಿಗಳ ಕಣ್ಣು ತಪ್ಪಿಸುವ ತಾಣವೂ ಆಯಿತು. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು; ಅದೇ ವರ್ಷ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತಿತು. ಹಿನ್ನೀರು ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಹೊಲಗಳನ್ನು ಮುಳುಗಿಸಿತು; ಕಾಲುವೆಗಳು ಮಾತ್ರ ಪೂರ್ವಕ್ಕೆ ಹರಿದು ಬೇರೆಯವರ ಗದ್ದೆ ತೋಯಿಸಿದವು.

ಅರವತ್ತರ ದಶಕದ ಬರಗಳಲ್ಲಿ ಅಮೆರಿಕದ ಗೋಧಿ, ಕೆಂಪುಜೋಳ ನಮ್ಮ ದೇಶಕ್ಕೆ ಹಡಗಿನಲ್ಲಿ ಬಂದವು. ಕ್ಯಾಥೊಲಿಕ್ ರಿಲೀಫ್ ಸರ್ವಿಸಸ್ ಮೂಲಕ ಭಾರತದ ಅನೇಕ ಧರ್ಮಕೇಂದ್ರಗಳಿಗೂ ಗೋಧಿನುಚ್ಚು, ಹಾಲಿನ ಪುಡಿ, ಎಣ್ಣೆ ಬಂದವು. ಆ ಗಂಜಿಯಿಂದ ಮಕ್ಕಳು ಬದುಕಿದವು. ಅದಕ್ಕಾಗಿ ದೇವರಿಗೆ ವಂದನೆ. ಆದರೆ ಕೊಡುವ ಕೈ ದೂರದ್ದಾದಷ್ಟೂ ಕೊಳ್ಳುವವನು ತನ್ನ ಹೊಲದ ಕಡೆ ನೋಡುವುದು ಕಡಿಮೆಯಾಗುತ್ತದೆ. ಸೇವೆಯ ಹೆಸರಿನಲ್ಲಿ ನಾವು ಹಂಚುವುದರಲ್ಲಿ ತೋರಿದ ಶ್ರದ್ಧೆಯನ್ನು ಊರಿನ ಕಣಜ ತುಂಬಿಸುವುದರಲ್ಲಿ ತೋರಿದೆವೇ? ಗುರುವಾಗಿ ನಾನು ಇದಕ್ಕೆ ಹೌದೆನ್ನಲಾರೆ.

1964ರಲ್ಲಿ ಸಿ.ಎಸ್.ಎಚ್.-1 ಎಂಬ ಸಂಕರ ಜೋಳ ಬಿಡುಗಡೆಯಾಯಿತು. ಇಳುವರಿ ಹೆಚ್ಚು, ರೊಟ್ಟಿಯ ರುಚಿ ಕಡಿಮೆ ಎಂದು ಹಿರಿಯರು ಮೂಗು ಮುರಿದರು. ಕೆಲವು ದಶಕಗಳಲ್ಲಿ ಮೆಕ್ಕೆಜೋಳ ಎರೆಯನ್ನೂ ಮಸಾರಿಯನ್ನೂ ಆವರಿಸಿತು. ರೈತನನ್ನು ದೂರುವಂತಿಲ್ಲ. ಬಿಳಿಜೋಳಕ್ಕೆ ಹಕ್ಕಿ ಕಾಯಬೇಕು, ಕೊಯ್ಲಿಗೆ ಆಳು ಸಿಗುವುದಿಲ್ಲ, ಬೆಲೆ ನಂಬಿಕೆಯದಲ್ಲ. ಸೊಪ್ಪೆ ತಿನ್ನುವ ಎತ್ತುಗಳೂ ಕೊಟ್ಟಿಗೆಯಲ್ಲಿ ಉಳಿದಿಲ್ಲ. ಮೆಕ್ಕೆಜೋಳ ಕಣದಿಂದ ನೇರ ಮಾರುಕಟ್ಟೆಗೆ, ಅಲ್ಲಿಂದ ಕೋಳಿಯ ಮೇವಿಗೆ, ಪಿಷ್ಟದ ಕಾರ್ಖಾನೆಗೆ ಹೋಗುತ್ತದೆ. ಬೆಳೆದವನ ಮನೆಯ ಒಲೆಯ ಮೇಲೆ ಅಕ್ಕಿ ಬೇಯುತ್ತದೆ. 2013ರಲ್ಲಿ ಆರಂಭವಾದ ಅನ್ನಭಾಗ್ಯ ಹಸಿವಿನ ಭಯವನ್ನು ಬಹುಮಟ್ಟಿಗೆ ನೀಗಿದೆ. ಟೆಂಪಲ್‌ನ ಒಂದು ಪೌಂಡನ್ನು ಬಲ್ಲವರು ಇದನ್ನು ಹಗುರವಾಗಿ ಕಾಣಲಾರರು.

ಇಷ್ಟಾಗಿಯೂ ರೊಟ್ಟಿ ಸೋತಿಲ್ಲ. ಕೊಟ್ಟೂರಿನಲ್ಲಿ ತೇರಿನ ಸಮಯಕ್ಕೆ ಕಾಲ್ನಡಿಗೆಯಲ್ಲಿ ಬರುವ ಭಕ್ತರಿಗೆ ಮಂಡಕ್ಕಿ, ಮಿರ್ಚಿಯ ಜೊತೆ ರೊಟ್ಟಿಬುತ್ತಿಯೂ ಸಲ್ಲುತ್ತದೆ. ಮನೆಯಲ್ಲೇ ರೊಟ್ಟಿ ಬಡಿದು ಖಾನಾವಳಿಗೂ ಮದುವೆಮನೆಗೂ ಕೊಡುವ ತಾಯಂದಿರಿದ್ದಾರೆ. ಇದು ಸುಲಭದ ಕಸುಬಲ್ಲ. ಜೋಳದ ಹಿಟ್ಟಿಗೆ ಗೋಧಿಯ ಅಂಟಿಲ್ಲ. ಕುದಿಯುವ ಎಸರು ಹಾಕಿ, ಬಿಸಿಯಿರುವಾಗಲೇ ನಾದಿ, ಅಂಗೈಯಿಂದ ಬಡಿದು ಅಗಲಿಸಬೇಕು. ಹಿಟ್ಟು ಹಳತಾದರೆ ಜಿಗಿ ಹೋಗಿ ಅಂಚು ಸೀಳುತ್ತದೆ. ಒಣಗಿಸಿದ ಕಡಕ್ ರೊಟ್ಟಿಯಾದರೆ ವಾರಗಟ್ಟಲೆ ಇರುತ್ತದೆ, ಬೆಂಗಳೂರಿನ ಮಕ್ಕಳ ಕೋಣೆಗೂ ತಲುಪುತ್ತದೆ.

ಅಂಥ ಒಬ್ಬ ತಾಯಿಯನ್ನು, “ಜೋಳ ಯಾವ ಹೊಲದ್ದಮ್ಮಾ?” ಎಂದು ಕೇಳಿದೆ.

“ಅಂಗಡೀದು ಫಾದರ್. ನಮ್ಮ ಹೊಲದಾಗ ಮೆಕ್ಕೆಜೋಳ ಐತ್ರಿ.”

ಹಗೇವು ಇತ್ತೇ ಎಂದೆ. ಅವರ ಮಾವನವರ ಕಾಲದ್ದು ಮನೆಯ ಮುಂದೆಯೇ ಇತ್ತಂತೆ. ಓಣಿಗೆ ಕಾಂಕ್ರೀಟ್ ಹಾಕುವಾಗ ಕಲ್ಲು, ಮಣ್ಣು ತುಂಬಿ ಮುಚ್ಚಿದರಂತೆ. ಆಗ ಅದರೊಳಗೆ ಕಾಳು ಇರಲಿಲ್ಲ.