ಶ್ರೀಲಂಕಾ ಟೂರ್‌ಗೆ ಹೊರಟಿದ್ದೀರಾ? ಏಜೆಂಟ್ ಕೈಗೆ ದುಡ್ಡು ಕೊಡುವ ಮೊದಲು ಇದನ್ನು ಓದಿ

ಬಾಗಲವಾಡ: ಟಾರ್ಗೆಟ್ ಮುಟ್ಟಿದ ಡೀಲರ್‌ಗಳಿಗೆ ಗೊಬ್ಬರ, ಬೀಜ, ಸಿಮೆಂಟ್ ಕಂಪನಿಗಳು ಫಾರಿನ್ ಟೂರ್ ಕೊಡೋದು ಈಗ ಹೊಸದೇನಲ್ಲ. ಆ ಪಟ್ಟಿಯಲ್ಲಿ ಶ್ರೀಲಂಕಾ ಹೆಸರೂ ಇರುತ್ತದೆ. ರಾಮಾಯಣದ ಜಾಗ ನೋಡಬೇಕು ಅನ್ನುವ ಹಿರಿಯರೂ ಇದ್ದಾರೆ. ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನದಲ್ಲಿ ಸುಮಾರು ಒಂದೂವರೆ ತಾಸು. ನಮ್ಮೂರಿಂದ ಬೆಂಗಳೂರು ಮುಟ್ಟೋದೇ ಅದಕ್ಕಿಂತ ದೊಡ್ಡ ಪ್ರಯಾಣ! ಆದರೆ ಹತ್ತಿರ ಅಂತ ಹಗುರಾಗಿ ತಗೋಬೇಡಿ. ಅದು ಬೇರೆ ದೇಶ, ಅಲ್ಲಿನ ಕಾನೂನೇ ಬೇರೆ.

ಮೊದಲು ಪಾಸ್‌ಪೋರ್ಟ್ ವಿಚಾರ. ಇದಕ್ಕಾಗಿ ಬೆಂಗಳೂರಿಗೆ ಓಡಬೇಕಿಲ್ಲ, ರಾಯಚೂರಿನ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಅರ್ಜಿ ಹಾಕೋದು, ಶುಲ್ಕ ಕಟ್ಟೋದು, ದಿನಾಂಕ ಪಡೆಯೋದು ಎಲ್ಲ ಆನ್‌ಲೈನ್‌ನಲ್ಲೇ. ದೊಡ್ಡವರಿಗೆ 36 ಪುಟದ ಪಾಸ್‌ಪೋರ್ಟ್‌ಗೆ 1,500 ರೂ., ತತ್ಕಾಲ್ ಬೇಕಾದರೆ ಮತ್ತೆ 2,000 ರೂ. ನಮ್ಮ ಕಡೆಯವರು ಎಡವೋದು ಹೆಸರಿನಲ್ಲಿ. ಆಧಾರ್‌ನಲ್ಲಿ ಒಂದು, ಶಾಲೆ ಟಿಸಿಯಲ್ಲಿ ಇನ್ನೊಂದು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಅಪ್ಪನ ಹೆಸರು ಮುಂದೆ, ಅಡ್ಡಹೆಸರು ಹಿಂದೆ. ಇದನ್ನು ಮೊದಲೇ ಸರಿ ಮಾಡಿಸಿಕೊಳ್ಳಿ. ಪಾಸ್‌ಪೋರ್ಟ್ ಈಗಾಗಲೇ ಇದ್ದವರು ಅವಧಿ ನೋಡಿಕೊಳ್ಳಿ. ಲಂಕಾದಲ್ಲಿ ಇಳಿಯುವ ದಿನದಿಂದ ಇನ್ನೂ ಆರು ತಿಂಗಳು ಬಾಕಿ ಇರಬೇಕು.

ಹತ್ತನೇ ತರಗತಿ ಪಾಸಾಗದ ಹಲವರ ಪಾಸ್‌ಪೋರ್ಟ್ 'ಇಸಿಆರ್' ವರ್ಗಕ್ಕೆ ಸೇರುತ್ತದೆ. ಇದನ್ನು ತೋರಿಸಿ 'ನಿಮ್ಮನ್ನ ಏರ್‌ಪೋರ್ಟ್‌ನಲ್ಲಿ ತಡೀತಾರೆ, ಹೆಚ್ಚಿಗೆ ರೊಕ್ಕ ಕೊಡ್ರಿ' ಅಂದರೆ ನಂಬಬೇಡಿ. ಆ ಅನುಮತಿ ಬೇಕಾಗೋದು ಸೌದಿ, ಕುವೈತ್‌ನಂಥ 18 ದೇಶಗಳಿಗೆ ಕೆಲಸಕ್ಕೆ ಹೋಗುವವರಿಗೆ. ಆ 18ರಲ್ಲಿ ಶ್ರೀಲಂಕಾ ಇಲ್ಲ.

ಹೊರಡುವ ಮೊದಲು 'ಇಟಿಎ' ಎಂಬ ಆನ್‌ಲೈನ್ ಪ್ರವೇಶ ಅನುಮತಿ ಪಡೆಯಬೇಕು. ಪ್ರವಾಸಿಗೆ ಸಾಮಾನ್ಯವಾಗಿ 30 ದಿನ. ಅಧಿಕೃತ ವಿಳಾಸ: ಇಟಿಎ ಡಾಟ್ ಜಿಒವಿ ಡಾಟ್ ಎಲ್‌ಕೆ. ಗೂಗಲ್‌ನಲ್ಲಿ ಹುಡುಕಿದರೆ ಇದೇ ತರಹ ಕಾಣುವ ಖಾಸಗಿ ವೆಬ್‌ಸೈಟ್‌ಗಳು ಮೇಲೆ ಬಂದು ಕೂತಿರುತ್ತವೆ, ಅಲ್ಲಿ ದುಡ್ಡು ಹೆಚ್ಚು ಹೋಗ್ತದೆ. ಭಾರತೀಯರಿಗೆ ಶುಲ್ಕದ ನಿಯಮ ಆಗಾಗ ಬದಲಾಗುತ್ತಿದೆ, ಹೊರಡುವ ವಾರ ಅಧಿಕೃತ ಸೈಟ್‌ನಲ್ಲೇ ನೋಡಿ. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್ ಕಾಗದ ಕೈಯಲ್ಲಿರಲಿ, ಇಮಿಗ್ರೇಷನ್‌ನಲ್ಲಿ ಕೇಳಬಹುದು.

ನಿರುದ್ಯೋಗಿ ಹುಡುಗರು ಇದನ್ನು ಎರಡು ಸಲ ಓದಬೇಕು. ಟೂರಿಸ್ಟ್ ಅನುಮತಿಯಲ್ಲಿ ಹೋಗಿ ಅಲ್ಲಿ ಕೆಲಸ ಮಾಡುವಂತಿಲ್ಲ. 'ಡೇಟಾ ಎಂಟ್ರಿ, ಊಟ-ರೂಮ್ ಫ್ರೀ' ಅನ್ನುವ ವಾಟ್ಸ್‌ಆ್ಯಪ್ ಮೆಸೇಜ್ ಬಂದರೆ ಹುಷಾರು. 2024ರ ಜೂನ್‌ನಲ್ಲಿ ಆನ್‌ಲೈನ್ ವಂಚನೆ ಜಾಲದ ಆರೋಪದಲ್ಲಿ ಶ್ರೀಲಂಕಾ ಪೊಲೀಸರು 60ಕ್ಕೂ ಹೆಚ್ಚು ಭಾರತೀಯರನ್ನು ಬಂಧಿಸಿದ್ದರು. ಕರೆದೊಯ್ದವನು ಅಂಥ ಹೊತ್ತಲ್ಲಿ ಫೋನ್ ಎತ್ತುವುದಿಲ್ಲ.

ಇನ್ನು ಕೊಲಂಬೊ ಕ್ಯಾಸಿನೊ. ಅಲ್ಲಿ ಅದು ಕಾನೂನುಬದ್ಧ, ಪ್ಯಾಕೇಜ್‌ನಲ್ಲಿ ಊಟ-ಕುಡಿತ ಪುಕ್ಕಟೆ ಅಂತಲೂ ಹೇಳ್ತಾರೆ. ಸಾಲದ ಮೇಲೆ ಆಡಿಸುವವರ ಹತ್ತಿರ ಮಾತ್ರ ಹೋಗಬೇಡಿ. ಹತ್ತಿ, ಭತ್ತ ಮಾರಿದ ದುಡ್ಡಿಗೆ ಅಲ್ಲಿ ಬೆಲೆ ಇರಲ್ಲ.

ನಮ್ಮ ಒಂದು ರೂಪಾಯಿಗೆ ಅವರ ಮೂರಕ್ಕೂ ಹೆಚ್ಚು ರೂಪಾಯಿ ಸಿಗುತ್ತದೆ. ಭಾರತದ ನೋಟು 25,000 ರೂ.ವರೆಗೆ ಒಯ್ಯಬಹುದು. 2024ರ ಫೆಬ್ರುವರಿಯಿಂದ ಅಲ್ಲಿ ಯುಪಿಐ ಶುರುವಾಗಿದೆ, ಆದರೆ ಎಲ್ಲ ಅಂಗಡಿಯಲ್ಲಿ ನಡೆಯಲ್ಲ. ಗುಟ್ಕಾ ಚೀಟಿ ಮನೆಯಲ್ಲೇ ಬಿಡಿ. ಅಗಿಯುವ ತಂಬಾಕಿನ ಆಮದು, ಮಾರಾಟಕ್ಕೆ ಅಲ್ಲಿ 2016ರಿಂದ ನಿಷೇಧವಿದೆ. ಬೇರೆಯವರ ಬ್ಯಾಗ್, ಪಾರ್ಸಲ್ ಹಿಡಿದು ವಿಮಾನ ಹತ್ತಲೇಬೇಡಿ. ಮಾದಕ ವಸ್ತು ಸಿಕ್ಕರೆ ಶಿಕ್ಷೆ ಬಹಳ ಕಠಿಣ.

ಬುದ್ಧನ ಮೂರ್ತಿಗೆ ಬೆನ್ನು ಕೊಟ್ಟು ಸೆಲ್ಫಿ ತೆಗೆಯೋದು ಅಲ್ಲಿ ಅವಮಾನ. ತೋಳಿನ ಮೇಲೆ ಬುದ್ಧನ ಹಚ್ಚೆ ಇದ್ದ ಬ್ರಿಟನ್ ಮಹಿಳೆಯೊಬ್ಬರನ್ನು 2014ರಲ್ಲಿ ವಾಪಸ್ ಕಳಿಸಿದ್ದರು. ದೇವಸ್ಥಾನಕ್ಕೆ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿ.

ಮೇಯಿಂದ ಸೆಪ್ಟೆಂಬರ್‌ವರೆಗೆ ಕೊಲಂಬೊ ಕಡೆ ಮುಂಗಾರು, ಸಮುದ್ರ ಒರಟು. ಸೀತೆಯ ಗುಡಿ ಇರುವ ನುವಾರ ಎಲಿಯ ಗುಡ್ಡಗಾಡು. 2025ರ ನವೆಂಬರ್ ಕೊನೆಯ ದಿತ್ವಾ ಚಂಡಮಾರುತದಲ್ಲಿ ಆ ಭಾಗದಲ್ಲೇ ಗುಡ್ಡ ಕುಸಿದು ಬಹಳ ಜೀವ ಹೋದವು. ರಸ್ತೆ ಸ್ಥಿತಿ ಕೇಳಿಕೊಂಡೇ ಮೇಲೆ ಹತ್ತಿ.

2019ರ ಏಪ್ರಿಲ್ 21ರ ಈಸ್ಟರ್ ಬಾಂಬ್ ಸ್ಫೋಟ ನೆನಪಿರಬಹುದು. 250ಕ್ಕೂ ಹೆಚ್ಚು ಜನ ಸತ್ತರು. ಮತದಾನ ಮುಗಿಸಿ ವಿಶ್ರಾಂತಿಗೆಂದು ಹೋಗಿದ್ದ ನಮ್ಮ ರಾಜ್ಯದ ಜೆಡಿಎಸ್ ಮುಖಂಡರು, ಕಾರ್ಯಕರ್ತರೂ ಅದರಲ್ಲಿ ಸೇರಿದ್ದರು. ಅವರು ಇಳಿದುಕೊಂಡಿದ್ದು ಶಾಂಗ್ರಿಲಾ ಎಂಬ ದೊಡ್ಡ ಹೋಟೆಲ್‌ನಲ್ಲಿ. ಇಂಥದ್ದನ್ನು ಮೊದಲೇ ಊಹಿಸಲಿಕ್ಕೆ ಆಗಲ್ಲ. ಆದರೆ ಹೋಟೆಲ್ ಹೆಸರು, ವಿಮಾನದ ಸಂಖ್ಯೆ, ಪಾಸ್‌ಪೋರ್ಟ್ ಜೆರಾಕ್ಸ್, ಜೊತೆಗಿರುವವರ ನಂಬರ್ ಇಷ್ಟನ್ನು ಮನೆಯಲ್ಲಿ ಬರೆದಿಟ್ಟು ಹೋಗಬಹುದು. ಟಿವಿ ನೋಡಿ ಮನೆಯವರು ಗಾಬರಿಯಾದಾಗ ಅವರ ಕೈಗೆ ಸಿಗಬೇಕಾದ್ದು ಇದೇ.

ಅಲ್ಲಿ ಪೊಲೀಸ್ 119, ಪ್ರವಾಸಿ ಪೊಲೀಸ್ 1912, ಆಂಬುಲೆನ್ಸ್ 1990. ಈ ಆಂಬುಲೆನ್ಸ್ ಸೇವೆ ಉಚಿತ, 2016ರಲ್ಲಿ ಭಾರತದ ನೆರವಿನಿಂದಲೇ ಶುರುವಾದದ್ದು. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರು ಕೊಡಿ, ಅದರ ಪ್ರತಿ ಹಿಡಿದು ಕೊಲಂಬೊದ ಗಾಲೆ ರಸ್ತೆಯಲ್ಲಿರುವ ಭಾರತದ ಹೈಕಮಿಷನ್‌ಗೆ ಹೋಗಿ.