ಹೆಣಿಗೆಯವರ ನಡುವೆ ರಾಜಕೀಯ: ಅಂತರ್ಜಾಲದ ಹವ್ಯಾಸಿ ಬಳಗಗಳಲ್ಲಿ ನಿಷೇಧ ಮತ್ತು ಆಕಸ್ಮಿಕ ಮಾತು

2019ರ ಜೂನ್ 23ರಂದು ರಾವೆಲ್ರಿ ಎಂಬ ಅಮೆರಿಕದ ಜಾಲತಾಣ ತನ್ನ ಸದಸ್ಯರ ಮುಂದೆ ಹೊಸ ನಿಯಮವೊಂದನ್ನು ಇಟ್ಟಿತು. ಹೆಣಿಗೆ, ಕ್ರೋಶೆ ಮಾಡುವವರು ತಮ್ಮ ವಿನ್ಯಾಸಗಳು, ಕೂಡಿಟ್ಟ ನೂಲುಂಡೆಗಳು, ಅರ್ಧಕ್ಕೆ ನಿಂತ ಸ್ವೆಟರುಗಳ ಲೆಕ್ಕವಿಡಲೆಂದು 2007ರಲ್ಲಿ ಶುರುವಾದ ತಾಣ ಅದು. 2019ರ ಹೊತ್ತಿಗೆ ಸದಸ್ಯರ ಸಂಖ್ಯೆ 80 ಲಕ್ಷ ದಾಟಿತ್ತು. ಡೊನಾಲ್ಡ್ ಟ್ರಂಪ್ ಅವರಿಗೂ ಅವರ ಆಡಳಿತಕ್ಕೂ ಬೆಂಬಲ ಸೂಚಿಸುವ ಬರಹ, ವಿನ್ಯಾಸ, ಚಿತ್ರ ಯಾವುದಕ್ಕೂ ಇಲ್ಲಿ ಜಾಗವಿಲ್ಲ, ಏಕೆಂದರೆ ಆ ಬೆಂಬಲ ಬಿಳಿಯರ ಮೇಲ್ಮೆಯ ವಾದಕ್ಕೆ ಕೊಟ್ಟ ಬೆಂಬಲವೇ ಆಗುತ್ತದೆ ಎಂಬುದು ನಿಯಮದ ಸಾರ. ಟ್ರಂಪ್‌ಗೆ ಮತ ಹಾಕಿದವರು ಸದಸ್ಯರಾಗಿ ಉಳಿಯಬಹುದು, ಅದನ್ನು ಆಡಿ ತೋರಿಸುವಂತಿಲ್ಲ. ಹೊರಹಾಕಲ್ಪಟ್ಟವರಿಗೂ ಅವರು ಕೊಂಡ ವಿನ್ಯಾಸಗಳು ಸಿಗುತ್ತವೆ. ರೋಲ್-ಪ್ಲೇಯಿಂಗ್ ಆಟಗಳ ತಾಣವಾದ ಆರ್‌ಪಿಜಿ.ನೆಟ್ 2018ರ ಅಕ್ಟೋಬರಿನಲ್ಲಿ ತಂದ ನಿಷೇಧವೇ ತಮಗೆ ಮಾದರಿ ಎಂದು ರಾವೆಲ್ರಿ ಹೇಳಿಕೊಂಡಿತು.

ಹವ್ಯಾಸಿ ಬಳಗದಲ್ಲಿ ರಾಜಕೀಯ ಇರಬೇಕೇ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ಸಿಗುತ್ತವೆ. ಹೆಣೆಯಲು ಬಂದವರು ಹೆಣಿಗೆಯ ಮಾತಷ್ಟೇ ಆಡಲಿ ಎಂಬುದು ಒಂದು. ಎಲ್ಲದರಲ್ಲೂ ರಾಜಕೀಯವಿದೆ, ಯಾರ ಬಾಯನ್ನೂ ಕಟ್ಟಬೇಡಿ ಎಂಬುದು ಇನ್ನೊಂದು. ಎರಡೂ ವಿಷಯವನ್ನು ಅವಸರದಲ್ಲಿ ಮುಗಿಸಿಬಿಡುತ್ತವೆ. ರಾಜಕೀಯದ ಮಾತು ಬಳಗದೊಳಗೆ ಯಾವ ದಾರಿಯಿಂದ ಬಂತು, ಹವ್ಯಾಸದ ಒಳಗಿನಿಂದ ಎದ್ದಿತೋ ಪಕ್ಷದ ಗುರುತಿನ ಜೊತೆ ಹೊರಗಿನಿಂದ ಬಂತೋ ಎಂದು ವಿಚಾರಿಸುವುದು ಹೆಚ್ಚು ಫಲಕಾರಿ ಎಂಬುದು ಈ ಲೇಖನದ ನಿಲುವು.

ಹವ್ಯಾಸ, ರಾಜಕೀಯ ಎರಡನ್ನೂ ಬೇರೆಬೇರೆ ಕೋಣೆಗಳಲ್ಲಿ ಕೂರಿಸುವ ಆಸೆ ಹಳೆಯದು. 1980ರ ದಶಕದ ಕೊನೆಯಲ್ಲಿ ಯೂಸ್‌ನೆಟ್ ಎಂಬ ಆರಂಭಕಾಲದ ಚರ್ಚಾಜಾಲ ತನ್ನ ಗುಂಪುಗಳನ್ನು ಮರುವಿಂಗಡಿಸಿದಾಗ ಹವ್ಯಾಸಗಳಿಗೆ ಒಂದು ಶಾಖೆ, ಮುಗಿಯದ ವಾಗ್ವಾದಗಳಿಗೆ ಇನ್ನೊಂದು ಶಾಖೆ ಎಂದು ಗೊತ್ತುಮಾಡಿತು. ಸಂವಹನಶಾಸ್ತ್ರದ ಸಂಶೋಧಕರೂ ಬಹುಕಾಲ ರಾಜಕೀಯವನ್ನು ಹುಡುಕಿಕೊಂಡು ರಾಜಕೀಯದ ಕೋಣೆಗೇ ಹೋಗುತ್ತಿದ್ದರು. ಮಾಗ್ದಲೇನಾ ವೊಯ್ಚೆಶಾಕ್ ಮತ್ತು ಡಯಾನಾ ಮಟ್ಜ್ 2009ರಲ್ಲಿ ಜರ್ನಲ್ ಆಫ್ ಕಮ್ಯುನಿಕೇಶನ್‌ನಲ್ಲಿ ಪ್ರಕಟಿಸಿದ ಅಧ್ಯಯನ ಈ ರೂಢಿಯನ್ನು ಅಲುಗಿಸಿತು. ಅವರ ಪ್ರಕಾರ ರಾಜಕೀಯಕ್ಕೆಂದೇ ಇರುವ ಆನ್‌ಲೈನ್ ಗುಂಪುಗಳಲ್ಲಿ ಬಹುತೇಕ ಒಂದೇ ಅಭಿಪ್ರಾಯದವರು ಸೇರಿಕೊಂಡಿರುತ್ತಾರೆ. ತನ್ನ ಅಭಿಪ್ರಾಯಕ್ಕೆ ವಿರುದ್ಧವಾದ ಮಾತು ಕಿವಿಗೆ ಬೀಳುವ ಸಾಧ್ಯತೆ ಹೆಚ್ಚಾಗಿರುವುದು ರಾಜಕೀಯ ಮುಖ್ಯವಲ್ಲದ, ಅದು ಮಾತಿನ ನಡುವೆ ಆಕಸ್ಮಿಕವಾಗಿ ನುಸುಳುವ ಗುಂಪುಗಳಲ್ಲಿ. ಸ್ಕಾಟ್ ರೈಟ್ ಮತ್ತು ಟಾಡ್ ಗ್ರಹಾಂ ಬ್ರಿಟನ್ನಿನ ರಿಯಾಲಿಟಿ ಟಿವಿ ವೀಕ್ಷಕರ ಚರ್ಚೆಗಳಲ್ಲೂ ಮನೆಖರ್ಚು ಉಳಿಸುವವರ ಬಳಗದಲ್ಲೂ ಇಂಥ ಮಾತುಕತೆಯನ್ನು ಗುರುತಿಸಿದ್ದಾರೆ.

ಹಾಗಾದರೆ ಹವ್ಯಾಸಿ ಬಳಗ ಪ್ರಜಾಪ್ರಭುತ್ವದ ಪಾಠಶಾಲೆಯೇ? ಅಷ್ಟು ಬೇಗ ಸಂಭ್ರಮಿಸುವಂತಿಲ್ಲ. ಎದುರು ಪಕ್ಷದ ಮಾತು ಕೇಳುವವರಲ್ಲಿ ಸಹನೆ ಹೆಚ್ಚುತ್ತದೆ, ಆದರೆ ರಾಜಕೀಯದಲ್ಲಿ ಪಾಲ್ಗೊಳ್ಳುವ ಉತ್ಸಾಹ ತಗ್ಗುತ್ತದೆ ಎಂದು ಮಟ್ಜ್ ಅವರೇ 2006ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದರು. ಇನ್ನೂ ಮುಖ್ಯವಾದ ತೊಡಕೆಂದರೆ ಈ ಲಾಭ ನಿಂತಿರುವುದೇ ಆಕಸ್ಮಿಕತೆಯ ಮೇಲೆ. ಕಾಲುಚೀಲದ ಹಿಮ್ಮಡಿ ತಿರುಗಿಸುವುದು ಹೇಗೆಂದು ಕೇಳಲು ಬಂದವಳು ಎದುರು ಪಕ್ಷದವಳ ಮಾತನ್ನೂ ಕೇಳಿಸಿಕೊಳ್ಳುತ್ತಾಳೆ, ಏಕೆಂದರೆ ನಾಳೆಯೂ ಅವಳಿಂದ ಸಲಹೆ ಬೇಕು. ರಾಜಕೀಯವೇ ದಿನದ ಊಟವಾದರೆ ಆ ಪರಸ್ಪರ ಅಗತ್ಯ ಸವೆಯುತ್ತದೆ, ಒಂದು ಕಡೆಯವರು ಸದ್ದಿಲ್ಲದೆ ಜಾಗ ಖಾಲಿ ಮಾಡುತ್ತಾರೆ. ಪೂರ್ತಿ ನಿಷೇಧಿಸಿದರೂ ಪೂರ್ತಿ ಬಾಗಿಲು ತೆರೆದರೂ ಕಳೆದುಹೋಗುವುದು ಒಂದೇ.

ರಾವೆಲ್ರಿಯ ನಿಯಮ ಬಂದಾಗ ‘ನಮ್ಮ ಶಾಂತ ಹವ್ಯಾಸಕ್ಕೆ ರಾಜಕೀಯ ತಂದರು’ ಎಂಬ ದೂರು ಕೇಳಿಬಂತು. ಆ ಶಾಂತಿ ಹಿಂದೆ ಯಾವಾಗ ಇತ್ತೆಂದು ಹುಡುಕಹೋದರೆ ಸಿಗುವುದು ಕಷ್ಟ. 2017ರ ಜನವರಿ 21ರ ಟ್ರಂಪ್ ವಿರೋಧಿ ಮಹಿಳಾ ಮೆರವಣಿಗೆಗೆ ಸಾವಿರಾರು ಜನ ಗುಲಾಬಿ ಬಣ್ಣದ ಟೊಪ್ಪಿ ಹೆಣೆದರು. ಅದರ ವಿನ್ಯಾಸ ಇದೇ ಬಳಗಗಳ ಮೂಲಕ ಹರಡಿತು. 2019ರ ಜನವರಿಯಲ್ಲಿ ಅಮೆರಿಕದ ಹೆಣಿಗೆ ಲೇಖಕಿಯೊಬ್ಬರು ಭಾರತ ಪ್ರವಾಸದ ಉತ್ಸಾಹವನ್ನು ಮಂಗಳಗ್ರಹಕ್ಕೆ ಹೋಗುವ ಅವಕಾಶಕ್ಕೆ ಹೋಲಿಸಿ ಬರೆದರು. ಭಾರತವನ್ನು ಹೀಗೆ ಅನ್ಯಗ್ರಹ ಮಾಡುವುದಕ್ಕೆ ಆಕ್ಷೇಪ ಬಂತು, ಬಿಳಿಯರಲ್ಲದ ಹೆಣಿಗೆಗಾರರು ಅಂಗಡಿಗಳಲ್ಲಿ, ಮೇಳಗಳಲ್ಲಿ ತಮಗಾದ ಅವಮಾನಗಳನ್ನು ಒಂದೊಂದಾಗಿ ಹೇಳತೊಡಗಿದರು. ಇವರ ಮಾತಿಗೆ ಕೂಡಲೇ ‘ರಾಜಕೀಯ’ ಎಂಬ ಚೀಟಿ ಅಂಟಿತು, ಪ್ರವಾಸದ ಬರಹಕ್ಕೆ ಮಾತ್ರ ಅಂಟಿರಲಿಲ್ಲ. ರಾಜಕೀಯ ಬೇಡವೆಂಬ ನಿಯಮದ ಭಾರ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. (ನೂಲಿಗೆ ರಾಜಕೀಯ ಅಂಟಿದ್ದು ಹೊಸದೇನಲ್ಲವೆಂದು ಕನ್ನಡಿಗರಿಗೆ ಹೇಳಬೇಕಿಲ್ಲ. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನ ತಿಂಗಳಿಗೆ 2,000 ಗಜ ನೂಲನ್ನೇ ಕಾಂಗ್ರೆಸ್ ಸದಸ್ಯತ್ವದ ಚಂದಾ ಮಾಡಿತ್ತು.)

ಪಕ್ಷಿವೀಕ್ಷಕರ ಲೋಕದಲ್ಲಿ ಒಳಗಿನಿಂದ ಏಳುವ ರಾಜಕೀಯ ಇನ್ನೂ ಸ್ಪಷ್ಟ. ಗುಲಾಮಗಿರಿಯ ಪರ ಹೋರಾಡಿದ ಕಾನ್ಫೆಡರೇಟ್ ಸೈನ್ಯದ ಸೇನಾನಿಯೊಬ್ಬನ ಹೆಸರಿದ್ದ ಮೆಕೌನ್ಸ್ ಲಾಂಗ್‌ಸ್ಪರ್ ಹಕ್ಕಿಗೆ 2020ರಲ್ಲಿ ಬೇರೆ ಹೆಸರು ಬಂತು. 2023ರ ನವೆಂಬರಿನಲ್ಲಿ ಅಮೆರಿಕನ್ ಆರ್ನಿತಲಾಜಿಕಲ್ ಸೊಸೈಟಿ ತನ್ನ ವ್ಯಾಪ್ತಿಯಲ್ಲಿ ವ್ಯಕ್ತಿಗಳ ಹೆಸರು ಹೊತ್ತ ಹಕ್ಕಿಗಳಿಗೆಲ್ಲ ಹೊಸ ಇಂಗ್ಲಿಷ್ ಹೆಸರು ಕೊಡುವುದಾಗಿ ಪ್ರಕಟಿಸಿತು. ಹಕ್ಕಿಯ ಹೆಸರು ಹಕ್ಕಿ ನೋಡುವವರ ವಿಷಯವಲ್ಲ ಎಂದು ಯಾವ ಅಡ್ಮಿನ್ ಹೇಳಲು ಸಾಧ್ಯ? ನಮ್ಮಲ್ಲೂ ಹೆಸರಘಟ್ಟದ ಹುಲ್ಲುಗಾವಲಿನ ಉದಾಹರಣೆಯಿದೆ. ಅದನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸುವ ಪ್ರಸ್ತಾವವನ್ನು 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ತಳ್ಳಿಹಾಕಿತು, ವಿಷಯ ಹೈಕೋರ್ಟಿಗೆ ಹೋಯಿತು, 2024ರಲ್ಲಿ ಮಂಡಳಿ ಒಪ್ಪಿತು. ಇಂಥ ವಾದದಲ್ಲಿ ಹವ್ಯಾಸಿಗಳು ಬರೆದಿಟ್ಟ ಹಕ್ಕಿಗಳ ಪಟ್ಟಿಗಳೂ ಸಾಕ್ಷ್ಯವಾಗಬಲ್ಲವು. ಶಾಸಕರ, ಮಂತ್ರಿಗಳ ಹೆಸರೆತ್ತದೆ ಆ ಹುಲ್ಲುಗಾವಲಿನ ಬಗ್ಗೆ ಮಾತಾಡುವುದು ಆಗದ ಕೆಲಸವಾಗಿತ್ತು.

ಭಾರತದಲ್ಲಿ ‘ರಾಜಕೀಯ ಬೇಡ’ ಎಂಬ ಸಾಲಿನ ಹಿಂದೆ ಬೇರೆ ಕಾರಣಗಳೂ ಇವೆ. ಹ್ಯಾಮ್ ರೇಡಿಯೋ ಹವ್ಯಾಸಿಗಳಿಗೆ 1978ರ ನಿಯಮಾವಳಿಯೇ ರಾಜಕೀಯ ವಿವಾದದ ಮಾತನ್ನು ನಿಷೇಧಿಸಿತ್ತು. ತರಂಗಗಳು ಸರ್ಕಾರದ ಪರವಾನಗಿಯಡಿ ಬರುವುದರಿಂದ ಅದಕ್ಕೊಂದು ತರ್ಕವಿದೆ. ಟ್ರೆಕ್ಕಿಂಗ್, ತಾರಸಿ ತೋಟದ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆ ಸಾಲನ್ನು ಬರೆಸುವುದರಲ್ಲಿ ಪೊಲೀಸರ ಭಯಕ್ಕೂ ಪಾಲಿದೆ. 2017ರಲ್ಲಿ ಉತ್ತರ ಕನ್ನಡ ಜಿಲ್ಲೆಯಲ್ಲಿ ಪ್ರಧಾನಿಯವರ ತಿರುಚಿದ ಚಿತ್ರದ ಕಾರಣಕ್ಕೆ ಗುಂಪೊಂದರ ಅಡ್ಮಿನ್ ಬಂಧನವಾಗಿತ್ತು. ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಲ್ಲವೆಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದರೂ ಭಯ ತೀರ್ಪುಗಳನ್ನು ಓದಿ ಹೋಗುವಂಥದ್ದಲ್ಲ.

ಮತ್ತೆ ರಾವೆಲ್ರಿಗೆ ಬಂದರೆ, ಅದರ ನಿಯಮದಲ್ಲಿ ನನಗೆ ದುರ್ಬಲವಾಗಿ ಕಾಣುವುದು ಅದು ನಡವಳಿಕೆಯ ಬದಲು ವ್ಯಕ್ತಿಯೊಬ್ಬರ ಹೆಸರನ್ನು ಗೆರೆಯಾಗಿ ಎಳೆದದ್ದು. ಸದಸ್ಯರನ್ನು ಕೆಣಕಿ ಬಾಯಿಬಿಡಿಸಬೇಡಿ, ಸಂಪ್ರದಾಯವಾದಿಗಳು ಹೇಳದೆ ಇರುವ ಅಭಿಪ್ರಾಯಕ್ಕಾಗಿ ಅವರನ್ನು ಕಾಡಬೇಡಿ ಎಂದು ಅದೇ ಪ್ರಕಟಣೆಯಲ್ಲಿ ಸೇರಿಸಬೇಕಾಗಿ ಬಂದದ್ದು ಆ ಗೆರೆ ಹೇಗೆ ಬಳಕೆಯಾಗಬಹುದೆಂಬ ಅರಿವು ತಾಣದವರಿಗೂ ಇತ್ತೆಂಬುದನ್ನು ಸೂಚಿಸುತ್ತದೆ. ಆದರೂ ಅವರ ಪರವಾಗಿ ಒಂದು ಮಾತು ಹೇಳಲೇಬೇಕು. ಪ್ರತಿ ಜಗಳವನ್ನೂ ನಡವಳಿಕೆಯ ತಕ್ಕಡಿಯಲ್ಲಿಟ್ಟು ತೂಗಲು ಜನ ಬೇಕು, ಹೊತ್ತು ಬೇಕು. 80 ಲಕ್ಷ ಸದಸ್ಯರ ತಾಣವನ್ನು ಕೆಲವೇ ಕೈಗಳು ನಡೆಸುವಾಗ ಹೆಸರು ಹಿಡಿದು ಗೆರೆ ಎಳೆಯುವುದು ಅಗ್ಗದ ದಾರಿ.

ಒಳಗಿನಿಂದ ಎದ್ದ ಮಾತಿಗೆ ಜಾಗ, ಹೊರಗಿನ ಪಕ್ಷನಿಷ್ಠೆಗೆ ತಡೆ ಎಂಬ ನನ್ನ ವಿಂಗಡಣೆಯೂ ಟೊಪ್ಪಿಯ ಎದುರು ತಡವರಿಸುತ್ತದೆ. ಪಕ್ಷದ ಘೋಷಣೆ ಹೆಣೆದ ಟೊಪ್ಪಿ ಹವ್ಯಾಸದ ವಸ್ತುವೂ ಹೌದು, ಪ್ರಚಾರವೂ ಹೌದು; ಗುಲಾಬಿ ಟೊಪ್ಪಿಯೂ ಅಷ್ಟೇ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ತೆಗೆಯುವ ಅಧಿಕಾರ ತಾಣದ ಒಡೆಯರಿಗಿದೆ, ರಾವೆಲ್ರಿ ಅದನ್ನು ಮುಚ್ಚುಮರೆಯಿಲ್ಲದೆ ಬಳಸಿತು. ಆ ಗಳಿಗೆಯಿಂದ ಅದು ವೊಯ್ಚೆಶಾಕ್ ಮತ್ತು ಮಟ್ಜ್ ಅವರ ಪಟ್ಟಿಯಲ್ಲಿ ಹವ್ಯಾಸದ ಸಾಲಿನಿಂದ ಕದಲಿ ರಾಜಕೀಯ ಗುಂಪುಗಳ ಸಾಲಿನ ಹತ್ತಿರ ಬಂದು ನಿಂತಿತು. ಅವಮಾನ ಸಹಿಸಿ ಸಾಕಾದ ಸದಸ್ಯೆಗೆ ಅದು ಒಪ್ಪಿತವಾದ ಬೆಲೆಯೇ ಇರಬಹುದು.